ಯಾವ ಕಲ್ಲಿಗೆ ಹಿಡಿದೆ

ಕಾರಾಗೃಹ, ವಿಚಾರಣಾಧೀನ ವಿಭಾಗ
2 ಡಿಸೆಂಬರ್ 2024

ಪ್ರಿಯ ಸನಾವುಲ್ಲಾ,

ಈ ಕಾಗದವನ್ನು ಇಲ್ಲಿನ ಕಚೇರಿಯವರು ಓದಿ, ಮೊಹರು ಹಾಕಿದ ಮೇಲೆಯೇ ಹೊರಗೆ ಬಿಡುತ್ತಾರೆ. ನೀನು ಬರೆದದ್ದೂ ಹಾಗೆಯೇ ನನ್ನ ಕೈಗೆ ಬರುತ್ತದೆ. ಇದನ್ನು ಮೊದಲೇ ತಿಳಿಸಿದ್ದೇನೆ.

ನಡೆದದ್ದನ್ನು ಯಾರು ಯಾರು ನಿನಗೆ ಹೇಗೆ ಹೇಳಿದರೋ ಗೊತ್ತಿಲ್ಲ. ದೇವನಹಳ್ಳಿ ಬಜಾರಿನಲ್ಲಿ ಇಷ್ಟು ಹೊತ್ತಿಗೆ ಒಂದು ಹಂದಿ ಹತ್ತಾಗಿರುತ್ತದೆ. ನಾನು ಹೇಳುವುದು ಇಷ್ಟು. ಅಕ್ಟೋಬರ್ 21, ಸೋಮವಾರ. ರೆಸಾರ್ಟಿನಲ್ಲಿ ನನಗೆ ವಾರದ ರಜೆ. ಮುಸುಕಿನ ಜೋಳಕ್ಕೆ ಕಾಡುಹಂದಿ ಬೀಳತೊಡಗಿ ಹದಿನೆಂಟು ದಿನವಾಗಿತ್ತು, ಅರ್ಧ ಎಕರೆ ನೆಲಸಮವಾಗಿತ್ತು. ಸಂಜೆ ಆರಕ್ಕೆ ಹತ್ತು ನಿಮಿಷವಿದ್ದಾಗ, ಬೆಳಕಿರುವಾಗಲೇ, ಅದು ಬೆಟ್ಟದ ಕಡೆಯಿಂದ ಇಳಿಯಿತು. ಇಪ್ಪತ್ತೆಂಟು ಹೆಜ್ಜೆ ದೂರ. ರೆಸಾರ್ಟಿಗೆ ಬರುವವರಿಗೆ ಐದು ವರ್ಷ ಬಿಲ್ಲು ಕಲಿಸಿದವನು ನಾನು, ಅಷ್ಟು ದೂರದಲ್ಲಿ ನಿಂಬೆಹಣ್ಣಿಗೆ ಹೊಡೆಯುತ್ತೇನೆ. ಬಾಣ ಬಿಟ್ಟೆ. ಹಂದಿ ಬೀಳಲಿಲ್ಲ, ಓಡಿತು. ಹುಡುಕಿದರೆ ಬಾಣವೂ ಸಿಗಲಿಲ್ಲ. ಗುರಿ ತಪ್ಪಿತು ಎಂದುಕೊಂಡು ಮನೆಗೆ ಬಂದೆ. ಪೊಲೀಸರಿಗೂ ಇದನ್ನೇ ಹೇಳಿದ್ದೇನೆ.

ಮರುದಿನ ಬೆಳಗ್ಗೆ ಏಳಕ್ಕೆ ದ್ಯಾವಮ್ಮ ಚಿಕ್ಕಮ್ಮ ಹಸುವಿಗೆ ಹುಲ್ಲು ಕೊಯ್ಯಲು ಜೋಳದ ಹೊಲದ ಬದುವಿಗೆ ಹೋದಳು. ಹಂದಿ ಲಂಟಾನ ಪೊದೆಯಲ್ಲಿ ಮಲಗಿತ್ತು. ಬಾಣ ಮೈಯಲ್ಲೇ ಇತ್ತು. ಅದು ಎದ್ದು ನುಗ್ಗಿದ ರಭಸಕ್ಕೆ ಚಿಕ್ಕಮ್ಮನ ತೊಡೆಯ ರಕ್ತನಾಳ ಸೀಳಿಹೋಯಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ನನಗೆ ಒಂಬತ್ತು ವರ್ಷವಿದ್ದಾಗಿನಿಂದ ಅನ್ನ ಹಾಕಿದವಳು.

ಬಾಣದ ಅಲಗುಗಳಿಗೆ ಸಾಣೆ ಹಿಡಿದವರು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ನಾನೇ ಎಂದೆ. ಅದು ಹಾಗೆಯೇ ಇರಲಿ.

ಬೇಟೆಗೂ ಚಿಕ್ಕಮ್ಮನ ಸಾವಿಗೂ ಸೇರಿಸಿ ನನ್ನ ಮೇಲೆ ಕೇಸು ಹಾಕಿದ್ದಾರೆ, ಜಾಮೀನು ಮಂಜೂರಾಗಿದೆ. ಆಸ್ತಿ ಇರುವ ಇಬ್ಬರು ನನ್ನ ಪರವಾಗಿ ನಿಲ್ಲಬೇಕು. ನನ್ನ ಮಾವ, ಪ್ರಮೋದಾಳ ತಂದೆ ವೆಂಕಟರಾಮಪ್ಪನವರು ಒಬ್ಬರು ಆಗುತ್ತಾರೆ. ಎರಡನೆಯವರು ಊರಲ್ಲಿ ಸಿಗುತ್ತಿಲ್ಲ. ಚಿಕ್ಕಮ್ಮನ ಮಗ ಜಯಕುಮಾರ ಬೇಡ ಎಂದಿದ್ದಾನೆ. ಅವನ ಮಾತು ಮೀರಿ ಯಾರೂ ಬರುವುದಿಲ್ಲ. ಅವರದ್ದು ತಪ್ಪು ಎಂದು ನಾನು ಹೇಳಲಾರೆ. ದೇವನಹಳ್ಳಿ ಕೋಟೆ ಬೀದಿಯಲ್ಲಿ ನಿನ್ನದೊಂದು ಮನೆ ಇದೆ. ಬರುತ್ತೀಯಾ?

ನಿನ್ನ ದಾರಿ ಕಾಯುತ್ತಾ,
ಮುನೀಂದ್ರ

—

ಸೂಲಿಬೆಲೆ
20 ಡಿಸೆಂಬರ್ 2024

ಮುನೀಂದ್ರ,

ಕಾಗದ ದೇವನಹಳ್ಳಿಯ ಅಂಗಡಿಗೆ ಹೋಗಿ, ಅಲ್ಲಿಂದ ತಮ್ಮ ಅಫ್ಸರ್ ತಂದುಕೊಟ್ಟ. ಸಾಣೆ ಅಂಗಡಿ ಮುಚ್ಚಿ ನಾನು ಇಲ್ಲಿ ಶಂಶುನ್ನೀಸಾಳ ತವರಿಗೆ ಬಂದು ಎರಡು ತಿಂಗಳಾಗುತ್ತಾ ಬಂತು. ಜನಕ್ಕೆ ಬೆನ್ನುನೋವು ಎಂದು ಹೇಳಿದ್ದೇನೆ. ಮೂವತ್ತು ವರ್ಷ ಚಕ್ರದ ಮುಂದೆ ಬಗ್ಗಿ ಕೂತವನಿಗೆ ಅದು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ಮನೆಯಾಕೆ ಬಿಡಬೇಕಲ್ಲ. "ಬೆನ್ನುನೋವು ಅಂತೀರ, ಬೆಳಗಿಂದ ಸಂಜೆ ತನಕ ಗೇಟ್ ಹತ್ರ ನಿಂತ್ಕೊಂಡು ಪೋಸ್ಟ್‌ಮ್ಯಾನ್ ದಾರಿ ನೋಡ್ತೀರಲ್ಲಾ ಜೀ, ಅದಕ್ಕೆ ನೋವಾಗಲ್ವಾ?" ಎನ್ನುತ್ತಾಳೆ.

ದ್ಯಾವಮ್ಮನವರ ಬಗ್ಗೆ ಏನು ಬರೆಯಲಿ. ಮಗಳು ಝೋಯಾ ಹುಟ್ಟಿದಾಗ ತಿಂಗಳಿಡೀ ಹಾಲು ಕಳಿಸಿದರು; ಒಂದು ದಿನವೂ ಪಾತ್ರೆಯನ್ನು ಖಾಲಿ ವಾಪಸು ಕಳಿಸದ ನನ್ನ ತಾಯಿಯನ್ನೇ ಗೇಲಿ ಮಾಡುತ್ತಿದ್ದರು: "ಪಾತ್ರೇಲಿ ಸಕ್ಕರೆ ಹಾಕಿ ಕಳಿಸ್ತೀಯಲ್ಲಕ್ಕಾ, ನನ್ ಹಸಿಗೆ ಸಕ್ಕರೆ ಕಾಯಿಲೆ ಬರಿಸ್ತೀಯಾ?" ಅವರ ಮಣ್ಣಿಗೆ ನಾನು ಬರಲಿಲ್ಲ. ಕುಂದಾಣದಲ್ಲಿ ಬಸ್ಸಿಳಿದು, ಅದೇ ಬಸ್ಸು ತಿರುಗಿ ಬಂದಾಗ ಹತ್ತಿಕೊಂಡೆ.

ಮನೆಯ ಖಾತೆ ಇನ್ನೂ ಅಬ್ಬಾನ ಹೆಸರಿನಲ್ಲಿದೆ. ಬದಲಾಯಿಸಲು ಓಡಾಡಬೇಕು. ನೋಡುತ್ತೇನೆ.

ಸಾಣೆಯ ಬಗ್ಗೆ ನೀನು ಇನ್‌ಸ್ಪೆಕ್ಟರಿಗೆ ಹೇಳಿದ ಮಾತನ್ನು ಓದಿದೆ. ಮತ್ತೆ ಓದಿದೆ.

ಸನಾವುಲ್ಲಾ

—

ಕಾರಾಗೃಹ
13 ಜನವರಿ 2025

ಪ್ರಿಯ ಸನಾವುಲ್ಲಾ,

ಖಾತೆಯ ಕೆಲಸಕ್ಕೆ ತಡವಾಗುತ್ತದೆ, ಗೊತ್ತು. ಅವಸರವಿಲ್ಲ ಎಂದು ಬರೆಯೋಣವೆಂದುಕೊಂಡೆ, ಆದರೆ ಇದೆ.

ಮೊನ್ನೆ ಜಯಕುಮಾರ ಬಂದಿದ್ದ. ಜಾಲರಿಯ ಆ ಕಡೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ, "ನಿಂಬೆಹಣ್ಣಿಗೆ ಹೊಡೀತೀನಿ ಅಂತ ಊರೆಲ್ಲಾ ಕೊಚ್ಕೊಂತಿದ್ದಲ್ಲಾ, ಕರ ಇದ್ದಂಗಿದ್ದ ಹಂದಿಗೆ ನೆಟ್ಟಗೆ ಹೊಡಿಯಕ್ಕಾಗ್ಲಿಲ್ವಾ?" ಎಂದ.

"ಕೈ ನಡುಗ್ತೇನೋ ಕಣೋ" ಎಂದೆ.

"ನಡುಗೋ ಕೈಲಿ ಯಾಕ್ಲಾ ಬಿಲ್ಲು ಹಿಡ್ದೆ? ನೆಟ್ಟಗೆ ಬಿದ್ದಿದ್ರೆ ನಮ್ಮಮ್ಮ ಇರ್ತಿದ್ಲು." ಅಷ್ಟೇ ಹೇಳಿ ಹೋದ. ಬಾಳೆಹಣ್ಣು ತಂದಿದ್ದ, ಅದನ್ನೂ ವಾಪಸು ಒಯ್ದ.

ಅವತ್ತಿನಿಂದ ಒಂದು ಅಭ್ಯಾಸ ಅಂಟಿಕೊಂಡಿದೆ. ಟವೆಲನ್ನು ಎರಡು ಕೈಯಲ್ಲಿ ಹಿಡಿದು ಬಿಲ್ಲಿನಂತೆ ಎಳೆದು, ಬಲಗೈ ಎಲ್ಲಿ ಅಲುಗುತ್ತದೆ ಎಂದು ನೋಡುತ್ತೇನೆ. ಪಕ್ಕದವನು ಏನ್ ಗುರು ಇದು, ಯೋಗಾಸನವಾ ಎಂದು ಕೇಳಿದ. ಹೌದು ಎಂದೆ.

ಅಲಗು ಆರಿಸುವಾಗ ಎಷ್ಟು ಯೋಚಿಸಿದ್ದೆ ನಾನು. ಹೊಡೆತಕ್ಕೆ ಬಿಚ್ಚಿಕೊಳ್ಳುವ ಬಗೆಯದು ಬೇಡ, ಹಂದಿಯ ಭುಜದ ದಪ್ಪ ಚರ್ಮಕ್ಕೆ ಬಡಿದು ಬಿಚ್ಚುವಷ್ಟರಲ್ಲೇ ಅರ್ಧ ಬಲ ಹೋಗುತ್ತದೆ. ಮೂರು ಅಲಗಿನದು ಬೇಡ, ಸಾಣೆಗೆ ಕಷ್ಟ. ಎರಡು ಅಂಚಿನ, ಒಂದೇ ತುಂಡು ಉಕ್ಕಿನದು ತರಿಸಿದೆ. ಕಾರ್ಖಾನೆಯ ಹರಿತ ಸಾಲದು, ಕಾಗದ ಕತ್ತರಿಸಿದರೆ ಸದ್ದು ಬರಬಾರದು. ಹರಿತವಿದ್ದರೆ ಅಲಗು ಒಳಗಿನ ರಕ್ತನಾಳಗಳನ್ನು ಕತ್ತರಿಸುತ್ತದೆ, ಪ್ರಾಣಿ ನೂರು ಹೆಜ್ಜೆಯೊಳಗೆ ಬೀಳುತ್ತದೆ. ಮೊಂಡಾಗಿದ್ದರೆ ನಾಳಗಳನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ, ಪ್ರಾಣಿ ನರಳುತ್ತಾ ಎಷ್ಟೋ ಹೊತ್ತು ಬದುಕಿರುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿಕೊಂಡಿದ್ದೆ. ಕೆಟ್ಟದ್ದು ಕೈ ಒಂದೇ.

ಮುನೀಂದ್ರ

—

ಸೂಲಿಬೆಲೆ
2 ಫೆಬ್ರವರಿ 2025

ಮುನೀಂದ್ರ,

ಖಾತೆ ನನ್ನ ಹೆಸರಿಗೆ ಆಗಿದೆ. ನಿನ್ನ ವಕೀಲ ಅನಿಲ್‌ಕುಮಾರ್ ಅವರನ್ನು ಕಂಡೆ. 27ನೇ ತಾರೀಖು ವೆಂಕಟರಾಮಪ್ಪನವರ ಜೊತೆ ನ್ಯಾಯಾಲಯಕ್ಕೆ ಬಂದು ಸಹಿ ಹಾಕುತ್ತೇನೆ. ಅಂದು ಸಂಜೆ ಅಥವಾ ಮರುದಿನ ನೀನು ಮನೆಯಲ್ಲಿರುತ್ತೀಯ ಎಂದರು.

ಟವೆಲ್ ಎಳೆಯುವುದನ್ನು ನಿಲ್ಲಿಸು. ದಯವಿಟ್ಟು.

ಸನಾವುಲ್ಲಾ

—

ಕಾರಾಗೃಹ
13 ಫೆಬ್ರವರಿ 2025

ಸನಾವುಲ್ಲಾ,

ಆರೋಪಪಟ್ಟಿಯ ಪ್ರತಿ ನನಗೆ ಸಿಕ್ಕಿದೆ. ನೂರಾ ಹನ್ನೆರಡು ಪುಟ. ಇಲ್ಲಿ ಬೇರೆ ಕೆಲಸವಿಲ್ಲ, ಪೂರ್ತಿ ಓದಿದೆ.

ಹಂದಿಯ ಶವಪರೀಕ್ಷೆ ಮಾಡಿದ ಪಶುವೈದ್ಯರ ವರದಿ 71ನೇ ಪುಟದಲ್ಲಿದೆ. ಬಾಣ ಎಡ ಭುಜದ ಹಿಂದೆ, ಐದು ಮತ್ತು ಆರನೇ ಪಕ್ಕೆಲುಬುಗಳ ನಡುವೆ ಹೊಕ್ಕಿದೆ. ನಾನು ಗುರಿಯಿಟ್ಟದ್ದು ಅಲ್ಲಿಗೇ. ಅದಕ್ಕಿಂತ ಸರಿಯಾದ ಜಾಗ ಹಂದಿಯ ಮೈಯಲ್ಲಿ ಇಲ್ಲ.

ಅಲಗಿನ ವಿವರ 74ನೇ ಪುಟದಲ್ಲಿದೆ. ಎರಡೂ ಅಂಚು ಮೊಂಡು. ಒರಟು ಸಾಣೆ ಚಕ್ರದ ಗೀರುಗಳು ಉದ್ದಕ್ಕೂ ಇವೆ, ಮೇಲೆ ಮೆರುಗು ಕೊಟ್ಟಿದೆ. ಬಳಸದೆ ಉಳಿದಿದ್ದ ಇನ್ನೆರಡು ಅಲಗುಗಳೂ ಹಾಗೆಯೇ ಇವೆ ಎಂದು ಬರೆದಿದ್ದಾರೆ. ಆದ್ದರಿಂದ ಎಲುಬಿಗೆ ತಾಗಿ ಮೊಂಡಾದದ್ದಲ್ಲ.

ನಿನ್ನ ಕೆಲಸ ನನಗೆ ಗೊತ್ತು. ಚಕ್ರದಲ್ಲಿ ಆಕಾರ, ಎಣ್ಣೆ ಕಲ್ಲಿನಲ್ಲಿ ಅಂಚು, ಕೊನೆಗೆ ನಿನ್ನ ತಾತನ ಕರಿ ಕಲ್ಲಿನಲ್ಲಿ ಹರಿತ. ಅದಾದ ಮೇಲೆ ಗೀರು ಕಾಣುವುದಿಲ್ಲ. ಬೇರೆಯವರು ಹಿಡಿದದ್ದಾಗಿದ್ದರೆ ಕಾಗದ ಕತ್ತರಿಸಿ ನೋಡುತ್ತಿದ್ದೆ. ನೀನು ಹಿಡಿದದ್ದನ್ನು ಪರೀಕ್ಷೆ ಮಾಡುವುದು ನಿನಗೆ ಅವಮಾನ ಎಂದು ನೋಡಲಿಲ್ಲ.

ಯಾವ ಕಲ್ಲಿಗೆ ಹಿಡಿದೆ?

ಇದನ್ನು ಕಚೇರಿಯವರು ಓದುತ್ತಾರೆ. ಓದಲಿ. 27ಕ್ಕೆ ಮುಂಚೆ ಬರೆದು ಕಳಿಸು. ಎದುರಿಗೆ ಬಂದು ಹೇಳಿದರೆ ನಿನ್ನ ಮುಖ ನೋಡಿ ಏನು ಹೇಳಿದರೂ ನಂಬಿಬಿಡುತ್ತೇನೆ.

ಮುನೀಂದ್ರ

—

ಸೂಲಿಬೆಲೆ
20 ಫೆಬ್ರವರಿ 2025

ಮುನೀಂದ್ರ,

ವಕೀಲರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಯಾಕ್ ಸಾಬ್ರೇ ಬರೀತೀರ? ಬರೆದ್ರೆ ನೀವೂ ಕೇಸಲ್ಲಿ ಬರ್ತೀರ, ಆಮೇಲೆ ನಿಮ್ಮ ಸಹಿ ಯಾರ್ ಒಪ್ತಾರೆ? ಒಂದು ವಾರ ಬಾಯಿ ಮುಚ್ಕೊಂಡಿರಿ, ಆಚೆ ಕರ್ಕೊಂಡ್ ಬನ್ನಿ, ಆಮೇಲೆ ಇಬ್ರೂ ಕೂತ್ಕೊಂಡು ಏನ್ ಬೇಕಾದ್ರೂ ಮಾತಾಡ್ಕೊಳಿ" ಎಂದರು. ಬುದ್ಧಿಮಾತೇ ಅದು. ಎರಡು ದಿನ ಅದನ್ನೇ ಮಾಡೋಣ ಎಂದುಕೊಂಡಿದ್ದೆ. ಆದರೆ ನೀನು 27ಕ್ಕೆ ಮುಂಚೆ ಎಂದು ಕೇಳಿದ್ದೀಯ. ಉತ್ತರ ಕೊಡದೆ ಸಹಿ ಹಾಕಿದರೆ ಅದೇ ಉತ್ತರವಾಗುತ್ತದೆ.

ಚಕ್ರಕ್ಕೆ ಮಾತ್ರ ಹಿಡಿದೆ. ಬೇರೆ ಯಾವ ಕಲ್ಲಿಗೂ ಇಲ್ಲ. ಮೇಲೆ ಎಮೆರಿ ಕಾಗದ ಉಜ್ಜಿ ಹೊಳಪು ಕೊಟ್ಟೆ.

ಬಕ್ರೀದಿಗೆ ಮುಂಚೆ ಊರಿನ ಕುರ್ಬಾನಿ ಚೂರಿಗಳೆಲ್ಲಾ ಆ ಎಣ್ಣೆ ಕಲ್ಲು, ಕರಿ ಕಲ್ಲುಗಳ ಮೇಲೆಯೇ ಹಾಯುತ್ತವೆ. ನೀನು ಅಲಗು ತಂದ ದಿನ "ಹೊಲಕ್ಕೆ ಬರ್ತದಲ್ಲ, ಅದಕ್ಕೆ" ಎಂದೆ. ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಹೊಸ ಉಕ್ಕು, ಇನ್ನೂ ಯಾವುದಕ್ಕೂ ತಾಗಿಲ್ಲ, ನನಗೂ ಗೊತ್ತು. ಆದರೆ ಒಂದು ಸಲ ಹಂದಿಗೆ ತಾಗಿದ ಮೇಲೆ ಮತ್ತೆ ಹರಿತಕ್ಕೆ ನನ್ನ ಹತ್ತಿರವೇ ತರುತ್ತೀಯ. ಆಗ ಅದನ್ನು ಕುರ್ಬಾನಿಯ ಕಲ್ಲಿಗೆ ಹೇಗೆ ಹಿಡಿಯಲಿ ಎಂದು ಕೈ ನಿಂತಿತು.

ಆಗುವುದಿಲ್ಲ ಎಂದು ಹೇಳಬಹುದಿತ್ತು. ನೀನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಹೊಸಕೋಟೆಯಲ್ಲೋ ದೊಡ್ಡಬಳ್ಳಾಪುರದಲ್ಲೋ ಹಿಡಿಸಿಕೊಳ್ಳುತ್ತಿದ್ದೆ. ಆದರೆ ಏಳನೇ ಕ್ಲಾಸಿನಿಂದ ನಮ್ಮಿಬ್ಬರ ನಡುವೆ ಅಂಥ ಮಾತು ಒಂದೂ ಬಂದಿಲ್ಲ. ಮೊದಲನೆಯದು ನನ್ನ ಬಾಯಿಂದ ಬರುವುದು ಬೇಡ ಎನ್ನಿಸಿತು. ಹೊಳಪು ಕೊಟ್ಟು ಕಾಗದದಲ್ಲಿ ಸುತ್ತಿ ಕೊಟ್ಟೆ. ನೀನು ಬಿಚ್ಚಿಯೂ ನೋಡದೆ ಜೇಬಿಗೆ ಹಾಕಿಕೊಂಡೆ.

ಮೊಂಡು ಅಲಗು ಚರ್ಮಕ್ಕೆ ಬಡಿದು ಬಿದ್ದುಹೋಗುತ್ತದೆ, ಹಂದಿ ಹೆದರಿ ಓಡುತ್ತದೆ, ಯಾರಿಗೂ ಏನೂ ಆಗುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಇದನ್ನು ಹೇಳಿಕೊಂಡವನು ಯಾರು ನೋಡು. ಚೂರಿ ಮೊಂಡಾಗಿದ್ದರೆ ಪ್ರಾಣಿಗೆ ಹಿಂಸೆ, ಅದಕ್ಕೆ ಹರಿತ ಮಾಡದೆ ಕೈ ಎತ್ತಬಾರದು ಎಂಬುದು ನನಗೆ ಅಬ್ಬಾ ಕಲಿಸಿದ ಮೊದಲ ಪಾಠ. ಮಟನ್ ಅಂಗಡಿಯವರಿಗೆಲ್ಲಾ ನಾನೇ ಅದನ್ನು ಹೇಳಿ ಬೈದಿದ್ದೇನೆ.

ನಿನ್ನ ಕೈ ನಡುಗಿಲ್ಲ. ಜಯಕುಮಾರ ನಿನ್ನನ್ನು ಬೈದುಹೋದ ಕಾಗದ ಬಂದ ದಿನವೇ ಬರೆಯಬೇಕಿತ್ತು.

ಸನಾವುಲ್ಲಾ

—

ಕಾರಾಗೃಹ
12 ಮಾರ್ಚ್ 2025

ಸನಾವುಲ್ಲಾ,

ನಿನ್ನ ಕಾಗದ ನನಗೆ ಸಿಕ್ಕಿದ್ದು ಮಾರ್ಚ್ 1ಕ್ಕೆ. ಅಷ್ಟರಲ್ಲಿ ಅದರ ಪ್ರತಿ ಠಾಣೆಗೆ ಹೋಗಿತ್ತು. 27ರಂದು ನಿನ್ನನ್ನು ಹೊರಗೇ ನಿಲ್ಲಿಸಿ ಹೇಳಿಕೆ ತೆಗೆದುಕೊಂಡರಂತೆ, ಸಹಿ ಒಪ್ಪಲಿಲ್ಲವಂತೆ. ಪ್ರಮೋದಾ ಬಂದಾಗ ಹೇಳಿದಳು. "ಸನಾವುಲ್ಲಣ್ಣ ಗೋಡೆಗೆ ಒರಗಿಕೊಂಡು ನಿಂತಿದ್ರು, ಕರೆದ್ರೂ ತಿರುಗಿ ನೋಡ್ಲಿಲ್ಲ" ಎಂದಳು.

ನಿನಗೆ ಒಂದು ವಿಷಯ ಹೇಳಬೇಕು. ಕಾಗದ ಓದಿದ ದಿನ ನನಗೆ ಸಂತೋಷವಾಯಿತು. ನನ್ನ ಕೈ ಸರಿಯಿತ್ತು. ಅನ್ನ ರುಚಿಯಾಗಿತ್ತು. ಪಕ್ಕದವನ ಜೊತೆ ನಕ್ಕೆ. ಚೆನ್ನಾಗಿ ನಿದ್ದೆ ಮಾಡಿದೆ. ಬೆಳಗ್ಗೆ ಎಣಿಕೆಗೆ ನಿಂತಾಗ ಚಿಕ್ಕಮ್ಮ ನೆನಪಾದಳು. ಹಿಂದಿನ ದಿನ ಪೂರ್ತಿ ಒಮ್ಮೆಯೂ ಆಗಿರಲಿಲ್ಲ.

ಅಲಗು ಕೊಟ್ಟ ದಿನ ಹಂದಿಯ ಹೆಸರು ಹೇಳದಿದ್ದದ್ದು ಮರೆತಲ್ಲ. ಹೇಳಿದರೆ ನೀನು ಒಲ್ಲೆ ಎನ್ನುತ್ತೀಯ ಎಂದು ಗೊತ್ತಿತ್ತು. ನನಗೆ ನಿನ್ನ ಹರಿತವೇ ಬೇಕಿತ್ತು.

ಜಯಕುಮಾರನಿಗೆ ಇದು ಪೊಲೀಸರ ಬಾಯಿಂದ ತಿಳಿಯುವುದು ಬೇಡ. ನೀನೇ ಹೋಗಿ ಹೇಳು.

ಮುನೀಂದ್ರ

—

ಸೂಲಿಬೆಲೆ
3 ಏಪ್ರಿಲ್ 2025

ಮುನೀಂದ್ರ,

ಹಬ್ಬ ಮುಗಿದ ಮರುದಿನ ಹೋದೆ. ಜಯಕುಮಾರ ಕೊಟ್ಟಿಗೆಯ ಮುಂದೆ ಮೇವು ಕತ್ತರಿಸುವ ಯಂತ್ರಕ್ಕೆ ಜೋಳದ ಕಡ್ಡಿ ಕೊಡುತ್ತಿದ್ದ. ನನ್ನನ್ನು ನೋಡಿ ನಿಲ್ಲಿಸಲಿಲ್ಲ. "ಬಾ ಸನಾವುಲ್ಲಣ್ಣ, ಈಗ ದಾರಿ ಗೊತ್ತಾಯ್ತಾ?" ಎಂದ. ಮಣ್ಣಿಗೆ ಬರದಿದ್ದಕ್ಕೆ ಆ ಮಾತು.

ಯಂತ್ರದ ಸದ್ದಿನಲ್ಲೇ ಹೇಳಿದೆ. ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ. ಅವನು ಸ್ವಿಚ್ ಆರಿಸಿ, "ಮೊದಲ್ನೇ ಸಲಾನೇ ಕೇಳಿಸ್ತು" ಎಂದ.

ಬಹಳ ಹೊತ್ತು ಕಡ್ಡಿಗಳನ್ನು ಒಟ್ಟು ಮಾಡುತ್ತಾ ಕೂತಿದ್ದ. "ಹಂಗಾದ್ರೆ ಮುನೀಂದ್ರ ನೆಟ್ಟಗೇ ಹೊಡ್ದವ್ನೆ."

"ಹೌದು."

"ಐದು ತಿಂಗಳು ಅವನಿಗೆ ಗುರಿ ಇಲ್ಲ ಅಂತ ಬಯ್ಕೊಂಡು ತಿರುಗಿದ್ನಲ್ಲಾ." ಆಮೇಲೆ ಒಳಗೆ ಕೂಗಿ ನೀರು ತರಿಸಿದ. ನಾನು ಕುಡಿದ ಮೇಲೆ ಲೋಟ ತೆಗೆದುಕೊಂಡು ಹೇಳಿದ: "ನೀವಿನ್ನು ಹೊರಡಿ. ಈ ಕಡೆ ಬರಬೇಡಿ."

ನೀವು ಎಂದ. ಅವನು ನನ್ನ ಭುಜದ ಮೇಲೆ ಕೂತು ಜಾತ್ರೆ ನೋಡಿದ ಹುಡುಗ. ಬಯ್ದಿದ್ದರೆ ಬರುವಾಗ ಬಸ್ಸಿನಲ್ಲಿ ಒರಗಿ ಕೂರಲು ಒಂದು ಆಸರೆಯಾಗುತ್ತಿತ್ತು.

ಸನಾವುಲ್ಲಾ

—

ಊರು
11 ಮೇ 2025

ಸನಾವುಲ್ಲಾ,

ನಾನು ಮನೆಯಲ್ಲಿದ್ದೇನೆ. ಈ ಕಾಗದವನ್ನು ಯಾರೂ ಓದಿಲ್ಲ, ಕುಂದಾಣದ ಡಬ್ಬಿಗೆ ನಾನೇ ಹಾಕುತ್ತೇನೆ.

ಜಯಕುಮಾರನೇ ಹೋಗಿ ದೊಡ್ಡಮುನಿಯಪ್ಪ ಮಾವನನ್ನು ಒಪ್ಪಿಸಿದ. ಅವರು ಪಹಣಿ ತಂದು ಸಹಿ ಹಾಕಿದರು. ಹೊರಗೆ ಬಂದಾಗ ಜಯಕುಮಾರ ತಬ್ಬಿಕೊಂಡು ಅತ್ತ. "ನಿನ್ನ ಕೈಯ್ದು ಏನೂ ತಪ್ಪಿಲ್ಲ ಕಣೋ, ನಂಬಿದ ಗೆಳೆಯ ಹಿಂಗ್ ಮಾಡ್ದ" ಎಂದ. ಒಂದು ಮಾತು ಕೇಳಿದ: ನಿನ್ನ ಜೊತೆ ನನಗೆ ಇನ್ನು ಮಾತಿರಬಾರದು, ಓಡಾಟವಿರಬಾರದು. ಒಪ್ಪಿಕೊಂಡೆ.

ಇನ್ನೊಂದನ್ನು ನಿನಗೆ ಮಾತ್ರ ಹೇಳುತ್ತೇನೆ. ಆ ಸಂಜೆ ಗುರಿ ತಪ್ಪಿತು ಎಂದು ಮನೆಗೆ ಬಂದೆ ಎಂಬುದು ಸುಳ್ಳು. ಹಂದಿ ಓಡಿದ ಕಡೆ ನಲವತ್ತು ಹೆಜ್ಜೆ ಹೋಗಿದ್ದೆ. ಜೋಳದ ಎಲೆಗಳ ಮೇಲೆ ರಕ್ತವಿತ್ತು, ಆ ಬದುವಿನ ತನಕ. ಓಡಿದ ರಭಸ ನೋಡಿ ಹೊಟ್ಟೆಗೆ ತಾಗಿದೆ, ಕೈ ಕೆಟ್ಟಿತು ಎಂದುಕೊಂಡೆ. ಗಾಯಗೊಂಡ ಹಂದಿ ಪೊದೆಯಲ್ಲಿದೆ ಎಂದು ನನಗೆ ಗೊತ್ತಿತ್ತು. ಊರಿಗೆ ಹೇಳಿದರೆ ಬೇಟೆಯಾಡಿದ್ದು ಗೊತ್ತಾಗುತ್ತದೆ, ರೆಸಾರ್ಟಿನ ಕೆಲಸ ಹೋಗುತ್ತದೆ ಎಂದು ಸುಮ್ಮನಿದ್ದೆ. ಬೆಳಗ್ಗೆ ಬೇಗ ಎದ್ದು ನಾನೇ ಹುಡುಕಿ ಮುಗಿಸೋಣ ಎಂದು ಬೆಟ್ಟದ ಕಡೆಯಿಂದ ಇಳಿದು ಬರುತ್ತಿದ್ದಾಗ ಚಿಕ್ಕಮ್ಮನ ಕೂಗು ಕೇಳಿಸಿತು.

ಬದುವಿನ ಕಡೆ ಹೋಗಬೇಡ ಎಂದು ಹಿಂದಿನ ಸಂಜೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾವು ಊಟ ಮಾಡುತ್ತಿದ್ದಾಗ ಚಿಕ್ಕಮ್ಮ ಪಕ್ಕದ ತನ್ನ ಮನೆಯಿಂದ ಬಂದು ಸಾರು ಕೊಟ್ಟು ಹೋಗಿದ್ದಳು.

ಜಯಕುಮಾರನಿಗೆ ಇದನ್ನು ಹೇಳಿಲ್ಲ. ಹೇಳಿದರೆ ದೊಡ್ಡಮುನಿಯಪ್ಪ ಮಾವ ಸಹಿ ವಾಪಸು ಪಡೆಯುತ್ತಾರೆ, ನಾನು ಮತ್ತೆ ಒಳಗೆ ಹೋಗುತ್ತೇನೆ. ನೀನು ಹೇಳಬೇಕೆಂದರೆ ಹೇಳು. ಈ ಕಾಗದ ನಿನ್ನ ಕೈಯಲ್ಲಿದೆ, ಅವನಿಗೆ ತೋರಿಸು. ನಾನು ಅಲ್ಲ ಎನ್ನುವುದಿಲ್ಲ.

ಮುನೀಂದ್ರ

—

ದೇವನಹಳ್ಳಿ
24 ಮೇ 2025

ಮುನೀಂದ್ರ,

ಬಕ್ರೀದಿಗೆ ಎರಡು ವಾರವಿದೆ. ಅಂಗಡಿ ತೆರೆದಿದ್ದೇನೆ. ಚೂರಿಗಳು ಬರುತ್ತಿವೆ, ಮೊದಲಿನಷ್ಟಿಲ್ಲ.

ನಿನ್ನ ಕಾಗದವನ್ನು ಇದೇ ಲಕೋಟೆಯಲ್ಲಿ ವಾಪಸು ಇಟ್ಟಿದ್ದೇನೆ. ನನ್ನ ಹತ್ತಿರ ಪ್ರತಿಯಿಲ್ಲ. ಅದನ್ನು ಯಾರಿಗೆ ತೋರಿಸಬೇಕು ಎಂದು ತೀರ್ಮಾನಿಸುವ ಕೆಲಸವನ್ನು ನನಗೆ ಕೊಡಬೇಡ. ಬೇಡ ಎಂದು ಹೇಳುವುದನ್ನು ಈ ಸಲ ಕಲಿತಿದ್ದೇನೆ.

ಜಯಕುಮಾರನಿಗೆ ನನ್ನ ತಪ್ಪು ಹೇಳಲು ನಾನು ಸೂಲಿಬೆಲೆಯಿಂದ ಎರಡು ಬಸ್ಸು ಬದಲಾಯಿಸಿ, ಕುಂದಾಣದಿಂದ ಬಿಸಿಲಲ್ಲಿ ನಡೆದು ಹೋದೆ. ನಿನಗೂ ಅವನಿಗೂ ನಡುವೆ ಇರುವುದು ಒಂದೇ ಗೋಡೆ.

ಸನಾವುಲ್ಲಾ